ಸರ್ಪಸುತ್ತು, ಹುಳುಕಡ್ಡಿ, ತೊನ್ನು: ಚರ್ಮರೋಗಗಳ ಜನಪದ ನಾಮಕರಣ ಮತ್ತು ಆಧುನಿಕ ಚರ್ಮವೈದ್ಯ

ದೇಹದ ಒಳಗಿನ ರೋಗವು ರೋಗಿ ಬಾಯಿಬಿಟ್ಟು ಹೇಳಿದಾಗ ಮಾತ್ರ ಊರಿಗೆ ತಿಳಿಯುತ್ತದೆ. ಹೊಟ್ಟೆನೋವನ್ನು ಮುಚ್ಚಿಡಬಹುದು, ಎದೆನೋವನ್ನು ಸಹಿಸಬಹುದು. ಚರ್ಮದ ರೋಗಕ್ಕೆ ಈ ಮರೆ ಇಲ್ಲ. ಅದು ರೋಗಿಯ ಕಣ್ಣಿಗೆ ಬೀಳುವ ಮೊದಲೇ ನೆರೆಮನೆಯವರ ಕಣ್ಣಿಗೆ ಬೀಳುವುದುಂಟು. ಆದುದರಿಂದಲೇ ಚರ್ಮರೋಗಗಳಿಗೆ ಹೆಸರಿಡುವ ಕೆಲಸವನ್ನು ವೈದ್ಯರಿಗಿಂತ ಮೊದಲು ಸಮುದಾಯವೇ ಮಾಡಿದೆ. ಕನ್ನಡ ಜನಪದರಲ್ಲಿ ಬಳಕೆಯಲ್ಲಿರುವ ಕಜ್ಜಿ, ತುರಿ, ಹುಳುಕಡ್ಡಿ, ಗಜಕರ್ಣ, ಇಸಬು, ಚಿಬ್ಬು, ಬಂಗು, ತೊನ್ನು, ನರೂಲಿ, ಆಣಿ, ಪಿತ್ತಗಂಧೆ, ಸರ್ಪಸುತ್ತು, ಅಮ್ಮ ಮೊದಲಾದ ಹೆಸರುಗಳು ಈ ದೀರ್ಘಕಾಲದ ನೋಟದ ಫಲಗಳಾಗಿವೆ.

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳು ಮದ್ದಿನ ಗಿಡಗಳ ಪಟ್ಟಿಯನ್ನು ಕಲೆಹಾಕುವುದರಲ್ಲಿ ತೋರಿದ ಆಸಕ್ತಿಯನ್ನು ರೋಗದ ಹೆಸರುಗಳ ಬಗೆಗೆ ಅಷ್ಟಾಗಿ ತೋರಿಲ್ಲ. ಆದರೆ ರೋಗಿಯು ಎಲ್ಲಿಗೆ ಹೋಗಬೇಕು, ಎಷ್ಟು ದಿನ ಕಾಯಬೇಕು, ಯಾರನ್ನು ದೂರಬೇಕು ಎಂಬುದನ್ನು ನಿರ್ಧರಿಸುವುದು ಮದ್ದಲ್ಲ, ಹೆಸರು. ಜನಪದ ಹೆಸರಿನೊಳಗೆ ಒಂದು ನೋಟವೂ ಇದೆ, ಒಂದು ಆರೋಪವೂ ಇದೆ. ನೋಟವು ಬಹುಮಟ್ಟಿಗೆ ನಿಖರವಾದುದು. ಆರೋಪವು ಬಹುಮಟ್ಟಿಗೆ ಹಾನಿಕರವಾದುದು. ಇವೆರಡನ್ನು ಬೇರ್ಪಡಿಸಿ ತೋರಿಸುವುದು, ಹಾಗೆ ಬೇರ್ಪಡಿಸಿದಾಗ ಆಧುನಿಕ ಚರ್ಮವೈದ್ಯವು ಅದೇ ರೋಗಗಳನ್ನು ಹೇಗೆ ಗುರುತಿಸಿ ಗುಣಪಡಿಸುತ್ತದೆಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರುಗಳ ವರ್ಗೀಕರಣ

ಕನ್ನಡದ ಚರ್ಮರೋಗವಾಚಕಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ರೂಪವನ್ನು ಆಧರಿಸಿದ ಹೆಸರುಗಳು ಮೊದಲನೆಯ ಬಗೆ. ಅಂಗಾಲಿನಲ್ಲಿ ಗಟ್ಟಿಯಾಗಿ ಮೊಳೆಯಂತೆ ಒತ್ತುವುದು ಆಣಿ. ಆನೆಯ ಕಿವಿಯ ಹಾಗೆ ಒರಟಾಗಿ ಅಗಲವಾಗಿ ಹರಡುವುದು ಗಜಕರ್ಣ. ರೋಗಿಯ ಅನುಭವವನ್ನು ಆಧರಿಸಿದವು ಎರಡನೆಯ ಬಗೆ. ತುರಿ ಎಂಬುದು ಇದಕ್ಕೆ ನೇರ ನಿದರ್ಶನ. ಕಾರಣವನ್ನು ಊಹಿಸಿ ಇಟ್ಟ ಹುಳುಕಡ್ಡಿ, ಪಿತ್ತಗಂಧೆಯಂತಹವು ಮೂರನೆಯವು. ದೈವವನ್ನು ಕಾರಣವಾಗಿ ಕಂಡ ಅಮ್ಮ, ದೇವಿಬೇನೆಯಂತಹವು ನಾಲ್ಕನೆಯವು. ಸರ್ಪಸುತ್ತು ಎಂಬ ಒಂದು ಹೆಸರು ಮಾತ್ರ ರೂಪವನ್ನೂ ದೈವವನ್ನೂ ಏಕಕಾಲಕ್ಕೆ ಹೇಳುತ್ತದೆ. ಆದುದರಿಂದಲೇ ಅದರ ಹಿಡಿತವೂ ಹೆಚ್ಚು.

ಹೀಗೆ ಕಣ್ಣಿಗೆ ಕಂಡದ್ದರಿಂದ ಹೆಸರಿಡುವುದು ಅವೈಜ್ಞಾನಿಕವೆಂದು ತಳ್ಳಿಹಾಕುವಂತಿಲ್ಲ. ಯುರೋಪಿನ ಚರ್ಮವೈದ್ಯವು ಶಾಸ್ತ್ರವಾಗಿ ರೂಪುಗೊಂಡದ್ದೂ ಇದೇ ದಾರಿಯಲ್ಲಿ. ಲಂಡನ್ನಿನ ರಾಬರ್ಟ್ ವಿಲ್ಲನ್ 1798ರಿಂದ ಕಂತುಗಳಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಚರ್ಮರೋಗಗಳನ್ನು ಗುಳ್ಳೆ, ಹೊಪ್ಪಳೆ, ಹುರುಪು, ಕೀವುಗುಳ್ಳೆ, ಕಲೆ ಎಂಬಂತೆ ಕಣ್ಣಿಗೆ ಕಾಣುವ ಎಂಟು ಬಗೆಗಳಾಗಿ ವಿಂಗಡಿಸಿದನು. ಇಂದಿನ ಚರ್ಮತಜ್ಞರೂ ರೋಗಿಯನ್ನು ಪರೀಕ್ಷಿಸುವಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆಗಳು ಇವೇ: ಇದು ಎಲ್ಲಿದೆ, ಅಂಚು ಹೇಗಿದೆ, ಒಂದೇ ಮಗ್ಗುಲಿಗಿದೆಯೇ, ತುರಿಸುತ್ತದೆಯೇ, ಮುಟ್ಟಿದರೆ ಸ್ಪರ್ಶ ತಿಳಿಯುತ್ತದೆಯೇ? ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ತಜ್ಞರು ಕಣ್ಣಿಗೆ ಕಂಡದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಮತ್ತೊಮ್ಮೆ ನೋಡಿ, ಬೇಕಾದಲ್ಲಿ ಚರ್ಮದ ಚೂರನ್ನು ತೆಗೆದು ಪರೀಕ್ಷಿಸಿ, ಊಹೆಯನ್ನು ತಿದ್ದಿಕೊಳ್ಳಬಲ್ಲರು. ಜನಪದ ಹೆಸರಿಗೆ ಹಾಗೆ ತಿದ್ದಿಕೊಳ್ಳುವ ಅವಕಾಶ ಇರಲಿಲ್ಲ.

ಅಮ್ಮ ಮತ್ತು ಸರ್ಪ

ಸರ್ಪಸುತ್ತು ಎದೆ, ಸೊಂಟ, ಕತ್ತು ಅಥವಾ ಮುಖದ ಒಂದು ಮಗ್ಗುಲಿನಲ್ಲಿ ಪಟ್ಟಿಯಂತೆ ಏಳುವ ನೀರುಗುಳ್ಳೆಗಳ ರೋಗ. ಗುಳ್ಳೆ ಏಳುವುದಕ್ಕೆ ಒಂದೆರಡು ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚುವಿಕೆ, ಸೆಳೆತ ಕಾಣಿಸಿಕೊಳ್ಳುತ್ತವೆ. ಹಾವೊಂದು ಮೈಗೆ ಸುತ್ತಿಕೊಂಡಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಹಾವನ್ನು ಕೊಂದವರಿಗೆ, ಹುತ್ತವನ್ನು ಅಗೆದವರಿಗೆ, ನಾಗಬನವನ್ನು ಕಡಿದವರಿಗೆ ಅಥವಾ ಮೈಲಿಗೆಯಲ್ಲಿ ಅದರ ಬಳಿ ಸುಳಿದವರಿಗೆ ಇದು ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಸುತ್ತಿನ ತಲೆಯೂ ಬಾಲವೂ ಕೂಡಿದರೆ ರೋಗಿ ಉಳಿಯುವುದಿಲ್ಲ ಎಂಬ ಭಯವೂ ಇದರೊಂದಿಗೆ ಸೇರಿಕೊಂಡಿದೆ.

ವೈದ್ಯಶಾಸ್ತ್ರವು ಇದನ್ನು ಹರ್ಪಿಸ್ ಜೋಸ್ಟರ್ ಎಂದು ಕರೆಯುತ್ತದೆ. ಗ್ರೀಕ್ ಭಾಷೆಯಲ್ಲಿ 'ಹರ್ಪಿಸ್' ಎಂಬುದು ತೆವಳು ಎಂಬರ್ಥದ ಧಾತುವಿನಿಂದ ಹುಟ್ಟಿದ ಪದ. ಸಂಸ್ಕೃತದ 'ಸೃಪ್' ಧಾತುವೂ ಅದರಿಂದ ಬಂದ 'ಸರ್ಪ' ಶಬ್ದವೂ ಇದೇ ಮೂಲದ ಜ್ಞಾತಿಗಳೆಂಬುದು ಭಾಷಾವಿಜ್ಞಾನಿಗಳಿಗೆ ತಿಳಿದ ಸಂಗತಿ. 'ಜೋಸ್ಟರ್' ಎಂದರೆ ಸೊಂಟಪಟ್ಟಿ, ಅಂದರೆ ಮೈಯನ್ನು ಸುತ್ತುವಂಥದು. ಹೀಗೆ ಹರ್ಪಿಸ್ ಜೋಸ್ಟರ್ ಎಂಬ ಶಾಸ್ತ್ರೀಯ ನಾಮವೂ ಸರ್ಪಸುತ್ತು ಎಂಬ ನಮ್ಮ ಹಳ್ಳಿಯ ಹೆಸರೂ ಒಂದನ್ನೊಂದು ಕೇಳದೆಯೇ ಒಂದೇ ಮಾತನ್ನು ಹೇಳಿವೆ. ತೆವಳುವುದನ್ನೂ ಸುತ್ತುವುದನ್ನೂ ಎರಡು ನಾಡಿನ ಕಣ್ಣುಗಳು ಒಂದೇ ರೀತಿ ಕಂಡಿವೆ. ಜನಪದ ಹೆಸರಿನ ನೋಟ ನಿಖರವಾದುದೆಂದು ಮೇಲೆ ಹೇಳಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗದು.

ಗುಳ್ಳೆಗಳು ಪಟ್ಟಿಯಾಗಿಯೇ ಏಕೆ ಏಳುತ್ತವೆ? ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದುಹೋದವರ ದೇಹದಿಂದ ಅದರ ವೈರಾಣು ಪೂರ್ತಿಯಾಗಿ ತೊಲಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅದು ದಶಕಗಳ ಕಾಲ ಸುಪ್ತವಾಗಿರುತ್ತದೆ. ವಯಸ್ಸಾದಾಗ, ಅಥವಾ ಇನ್ನಾವುದೋ ಕಾರಣದಿಂದ ರೋಗನಿರೋಧಕ ಶಕ್ತಿ ಕುಂದಿದಾಗ ಎಚ್ಚೆತ್ತು, ಆ ಒಂದು ನರದ ಜಾಡು ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರವು ದೇಹದ ಒಂದು ಮಗ್ಗುಲಿಗೆ ಸೇರಿದ್ದರಿಂದ ಗುಳ್ಳೆಗಳೂ ನಡುಗೆರೆಯಲ್ಲಿ ನಿಲ್ಲುತ್ತವೆ. ಎಂದರೆ ತಲೆ ಮತ್ತು ಬಾಲ ಕೂಡುವುದು ಸಾಮಾನ್ಯವಾಗಿ ಸಾಧ್ಯವೇ ಇಲ್ಲ. ಯಾವ ನರ ಚರ್ಮದ ಯಾವ ಭಾಗಕ್ಕೆ ಸೇರಿದುದೆಂಬ ನಕ್ಷೆಯನ್ನು ಇಂಗ್ಲೆಂಡಿನ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ 1900ರಲ್ಲಿ ರಚಿಸಿದ್ದು ಈ ರೋಗಿಗಳ ಗುಳ್ಳೆಗಳನ್ನು ಗಮನಿಸಿಯೇ ಎಂಬುದು ಇಲ್ಲಿ ಸ್ಮರಣೀಯ. ಎರಡೂ ರೋಗಗಳಿಗೆ ಒಂದೇ ವೈರಾಣು ಕಾರಣವೆಂಬುದನ್ನು 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಪ್ರಯೋಗಾಲಯದಲ್ಲಿ ತೋರಿಸಿದರು. ಹಳೆಯ ವೈರಾಣುವೇ ಮರುಜೀವ ಪಡೆಯುತ್ತದೆಂಬ ವಿವರಣೆಯನ್ನು ಇಂಗ್ಲೆಂಡಿನ ಊರೊಂದರ ಸಾಮಾನ್ಯ ವೈದ್ಯರಾಗಿದ್ದ ಹೋಪ್-ಸಿಂಪ್ಸನ್ 1965ರಲ್ಲಿ ಮಂಡಿಸಿದರು.

ಜಾನಪದ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ವಿಶೇಷ ಸಂಗತಿ ಕಾಣುತ್ತದೆ. ಬಾಲ್ಯದಲ್ಲಿ ಅಮ್ಮನಾಗಿ ಬಂದು ಬೇವಿನ ಸೊಪ್ಪಿನಲ್ಲಿ, ತಂಪಿನ ಆಹಾರದಲ್ಲಿ ಸತ್ಕಾರ ಪಡೆದುಹೋದದ್ದೇ ಮುಪ್ಪಿನಲ್ಲಿ ಸರ್ಪವಾಗಿ ಮರಳುತ್ತದೆ. ನಮ್ಮ ಪರಂಪರೆಯು ಒಂದೇ ವೈರಾಣುವಿಗೆ ಎರಡು ದೈವಗಳ ಹೆಸರನ್ನು ಕೊಟ್ಟಿದೆ. ಆದರೆ ಈ ಎರಡು ದೈವಗಳು ಮನೆಯವರ ಮನಸ್ಸಿನಲ್ಲಿ ಹುಟ್ಟಿಸುವ ಭಾವ ಒಂದೇ ಅಲ್ಲ. ಅಮ್ಮ ಬಂದ ಮನೆಯಲ್ಲಿ ತಪ್ಪಿತಸ್ಥರನ್ನು ಹುಡುಕುವುದು ಕಡಿಮೆ. ರೋಗಿಯನ್ನು ಪ್ರತ್ಯೇಕವಾಗಿರಿಸಿ, ಹೊರಗಿನವರು ಬಾರದಂತೆ ಬಾಗಿಲಿಗೆ ಬೇವು ಕಟ್ಟಿ, ಮೌನವಾಗಿ ಉಪಚರಿಸುತ್ತಾರೆ. ಸೋಂಕು ಹರಡದಂತೆ ತಡೆಯುವಲ್ಲಿ ಈ ಆಚರಣೆಗೆ ಅರ್ಥವಿತ್ತು. ಸರ್ಪ ಸುತ್ತಿದ ಮನೆಯಲ್ಲಾದರೋ ಮೊದಲು ನಡೆಯುವುದು ವಿಚಾರಣೆ.

1998ರಲ್ಲಿ ನನ್ನ ಅಜ್ಜಿಗೆ ಸರ್ಪಸುತ್ತು ಆಯಿತು. ಬಲಗಡೆಯ ಪಕ್ಕೆಯ ಮೇಲೆ ಗುಳ್ಳೆಗಳು ಎದ್ದ ಸಂಜೆಯೇ ಮನೆಯ ಹಿರಿಯರು ಕೇಳಿದ್ದು, "ಹುತ್ತದ ಹತ್ತಿರ ಯಾರು ಹೋಗಿದ್ರು?" ಎಂಬ ಪ್ರಶ್ನೆಯನ್ನು. ಬೇಲಿಯ ಬದಿಯ ಹುತ್ತದ ಬಳಿ ಸೌದೆ ಆರಿಸಿದ್ದ ಚಿಕ್ಕಮ್ಮನ ಮೇಲೆ ಎಲ್ಲರ ಕಣ್ಣು ಬಿತ್ತು. ಕೆಮ್ಮಣ್ಣನ್ನು ಕಲಸಿ ಹಚ್ಚಿಸಿದರು; ಮಂತ್ರ ಹಾಕಿಸಿದರು; ನಾಗರಕಲ್ಲಿಗೆ ಹಾಲೆರೆದರು. ಯಾರೂ ಕೆಟ್ಟ ಮನಸ್ಸಿನಿಂದ ಏನನ್ನೂ ಮಾಡಲಿಲ್ಲ. ಒಂಬತ್ತನೆಯ ದಿನ ಗುಳ್ಳೆಗಳು ಕೀವಾದಾಗ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆವು. ಗಾಯ ಒಣಗಿತು, ನೋವು ಮಾತ್ರ ಹೋಗಲಿಲ್ಲ. ಆಕೆ ತೀರಿಕೊಳ್ಳುವವರೆಗೆ ಆರು ವರ್ಷ ಕಾಲ ಬಲಪಕ್ಕೆಗೆ ಸೀರೆಯ ಸೆರಗು ತಾಗಿದರೂ ಮುಖ ಕಿವುಚುತ್ತಿದ್ದಳು. ಚಿಕ್ಕಮ್ಮನೂ ಆ ಆರು ವರ್ಷ ಅದನ್ನು ನೋಡುತ್ತಲೇ ಇದ್ದಳು.

ಅಜ್ಜಿಯನ್ನು ಕಾಡಿದ ನೋವಿಗೆ ವೈದ್ಯರು ಜೋಸ್ಟರೋತ್ತರ ನರಶೂಲೆ ಎನ್ನುತ್ತಾರೆ. ಗುಳ್ಳೆ ಮಾಯ್ದ ಮೇಲೆಯೂ ಹಾನಿಗೊಂಡ ನರವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನೋಯುವುದುಂಟು. ವಯಸ್ಸಾದವರಲ್ಲಿ ಇದು ಹೆಚ್ಚು. ಎಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಮೊದಲಾದ ವೈರಾಣುನಿರೋಧಕ ಮಾತ್ರೆಗಳನ್ನು ಗುಳ್ಳೆ ಎದ್ದ 72 ಗಂಟೆಗಳ ಒಳಗೆ ಆರಂಭಿಸಿದರೆ ರೋಗದ ಉಗ್ರತೆಯೂ ಅವಧಿಯೂ ಕಡಿಮೆಯಾಗುತ್ತವೆ. ಎಸೈಕ್ಲೋವಿರ್ ಆದರೆ ವಯಸ್ಕರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಐದು ಬಾರಿ, ಏಳು ದಿನ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ವೈದ್ಯರು ಪ್ರಮಾಣವನ್ನು ತಗ್ಗಿಸುತ್ತಾರೆ. ಹಣೆ, ಕಣ್ಣುರೆಪ್ಪೆ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೇ ಅಪಾಯವಿರುವುದರಿಂದ ಅದೇ ದಿನ ಕಣ್ಣಿನ ವೈದ್ಯರಿಗೂ ತೋರಿಸಬೇಕಾಗುತ್ತದೆ. ಉಳಿದ ನರನೋವಿಗೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂತಹ ಔಷಧಗಳಿವೆ. ಮೆಣಸಿನಕಾಯಿಯ ಖಾರದ ಸತ್ವವಾದ ಕ್ಯಾಪ್ಸೈಸಿನ್‌ನ ಲೇಪವೂ ಬಳಕೆಯಲ್ಲಿದೆ. ಐವತ್ತು ದಾಟಿದವರಿಗಾಗಿ ಎರಡು ಸಲ ಕೊಡುವ ಲಸಿಕೆಯು 2023ರಿಂದ ಭಾರತದಲ್ಲಿಯೂ ದೊರೆಯುತ್ತಿದೆ. 72 ಗಂಟೆಗಳೆಂದರೆ ಮೂರು ದಿನ. ಸರ್ಪದೋಷದ ವಿಚಾರಣೆ ಮತ್ತು ಶಾಂತಿಗಳು ನುಂಗಿಹಾಕುವುದು ಈ ಮೂರು ದಿನಗಳನ್ನೇ.

ಹುಳು ಇದ್ದೂ ಇಲ್ಲದ ರೋಗಗಳು

ಹಳೆಯ ಮೈಸೂರು ಭಾಗದಲ್ಲಿ ಹುಳುಕಡ್ಡಿ ಎಂದೂ ಉತ್ತರ ಕರ್ನಾಟಕದಲ್ಲಿ ಗಜಕರ್ಣ ಎಂದೂ ಕರೆಯುವ ರೋಗದಲ್ಲಿ ಚರ್ಮದ ಮೇಲೆ ಉಂಗುರದಾಕಾರದ ಕಲೆ ಮೂಡಿ, ಅಂಚು ಉಬ್ಬಿ, ನಡುಭಾಗ ತಿಳಿಯಾಗುತ್ತ ಹರಡುತ್ತದೆ. ಹುಳುವೊಂದು ಚರ್ಮದೊಳಗೆ ಸುತ್ತು ಹಾಕುತ್ತ ಸಾಗಿದೆಯೆಂದು ಊಹಿಸಿದವರು ನಾವಷ್ಟೇ ಅಲ್ಲ. ಇಂಗ್ಲಿಷಿನವರೂ ಇದನ್ನು ಉಂಗುರಹುಳು ಎಂದೇ ಕರೆದರು. ವೈದ್ಯಕೀಯ ನಾಮವಾದ 'ಟೀನಿಯಾ' ಎಂಬ ಲ್ಯಾಟಿನ್ ಪದಕ್ಕೂ ಬಟ್ಟೆಯನ್ನು ತಿನ್ನುವ ಹುಳು ಎಂದೇ ಅರ್ಥ. ವಾಸ್ತವವಾಗಿ ಇಲ್ಲಿ ಹುಳುವಿಲ್ಲ. 1840ರ ದಶಕದಲ್ಲಿ ಪ್ಯಾರಿಸ್ಸಿನ ಡೇವಿಡ್ ಗ್ರೂಬಿ ಸೂಕ್ಷ್ಮದರ್ಶಕದ ನೆರವಿನಿಂದ ಇಂತಹ ರೋಗಗಳಿಗೆ ಶಿಲೀಂಧ್ರವು ಕಾರಣವೆಂದು ತೋರಿಸಿದನು. ಇಂದಿನ ಚರ್ಮತಜ್ಞರು ಕಲೆಯ ಅಂಚಿನಿಂದ ಹುರುಪನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿ ನೋಡಿದರೆ ಶಿಲೀಂಧ್ರದ ಎಳೆಗಳು ಕೆಲವೇ ನಿಮಿಷಗಳಲ್ಲಿ ಕಾಣುತ್ತವೆ.

ಕಜ್ಜಿಯ ಕಥೆ ಇದಕ್ಕೆ ತಿರುಗುಮುರುಗಾದುದು. ಹೆಸರಿನಲ್ಲಿ ಹುಳುವಿಲ್ಲದ ಈ ರೋಗದಲ್ಲಿ ಜೀವಿಯೊಂದು ನಿಜವಾಗಿಯೂ ಇದೆ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ನುಸಿಯೊಂದು ಬೆರಳ ಸಂದಿ, ಮಣಿಕಟ್ಟು, ಹೊಕ್ಕಳಿನ ಸುತ್ತ ಮತ್ತು ತೊಡೆಯ ಸಂದಿಗಳಲ್ಲಿ ಚರ್ಮವನ್ನು ಕೊರೆದು ಮೊಟ್ಟೆಯಿಡುತ್ತದೆ. ರಾತ್ರಿ ತುರಿಕೆ ಹೆಚ್ಚು. ಇಟಲಿಯ ಬೊನೊಮೊ ಮತ್ತು ಚೆಸ್ಟೋನಿ 1687ರಲ್ಲಿಯೇ ಈ ನುಸಿಯನ್ನು ವರ್ಣಿಸಿದ್ದರೂ ವೈದ್ಯಲೋಕವು ಬಹುಕಾಲ ನಂಬಲಿಲ್ಲ. 1834ರಲ್ಲಿ ಕಾರ್ಸಿಕಾ ದ್ವೀಪದಿಂದ ಬಂದ ರೆನುಚ್ಚಿ ಎಂಬ ವಿದ್ಯಾರ್ಥಿಯು ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಸೂಜಿಯ ಮೊನೆಯಿಂದ ನುಸಿಯನ್ನು ಎತ್ತಿ ತೋರಿಸಿದಾಗ ವಾದ ಮುಗಿಯಿತು. ಆ ಕೈಚಳಕವನ್ನು ಅವನು ಕಲಿತದ್ದು ತನ್ನ ನಾಡಿನ ಹಳ್ಳಿಯ ಹೆಂಗಸರಿಂದ. ಪಂಡಿತರು ಒಂದೂವರೆ ಶತಮಾನ ಕಾಲ ಶಂಕಿಸಿದ್ದನ್ನು ಹಳ್ಳಿಯ ತಾಯಂದಿರು ಮಕ್ಕಳ ಕೈಯಿಂದ ಸೂಜಿಯಲ್ಲಿ ತೆಗೆಯುತ್ತಿದ್ದರು. ಜನಪದ ಜ್ಞಾನವು ವೈದ್ಯಶಾಸ್ತ್ರವನ್ನು ತಿದ್ದಿದ ಇಂತಹ ಪ್ರಸಂಗಗಳೂ ಇವೆಯೆಂಬುದನ್ನು ನಾವು ಮರೆಯಬಾರದು.

ಮದ್ದುಗಳ ವಿಷಯದಲ್ಲಿಯೂ ಎರಡು ಪರಂಪರೆಗಳು ಅಲ್ಲಲ್ಲಿ ಸಂಧಿಸುತ್ತವೆ. ಹುಳುಕಡ್ಡಿಗೆ ನಮ್ಮಲ್ಲಿ ಸೀಮೆ ಅಗಸೆಯ ಎಲೆಯನ್ನೂ ತಗಚೆಯ ಬೀಜವನ್ನೂ ಅರೆದು ಹಚ್ಚುತ್ತಾರೆ. ತಗಚೆಗೆ ಸಂಸ್ಕೃತದಲ್ಲಿ ದದ್ರುಘ್ನ, ಅಂದರೆ ದದ್ದನ್ನು ಕೊಲ್ಲುವುದು, ಎಂಬ ಹೆಸರೇ ಇದೆ. ಕಜ್ಜಿಗೆ ಹಚ್ಚುವ ಗಂಧಕವನ್ನು ಚರ್ಮತಜ್ಞರು ಇಂದಿಗೂ ಎಳೆಗೂಸುಗಳಿಗೆ ಮತ್ತು ಗರ್ಭಿಣಿಯರಿಗೆ ಮುಲಾಮಿನ ರೂಪದಲ್ಲಿ ಸೂಚಿಸುವುದುಂಟು. ಉಳಿದವರಿಗೆ ಶೇ. 5ರ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆದು, ಒಂದು ವಾರದ ಬಳಿಕ ಮತ್ತೊಮ್ಮೆ ಹಚ್ಚಬೇಕು. ಇಲ್ಲಿ ಮದ್ದಿಗಿಂತ ಮುಖ್ಯವಾದುದು ಕ್ರಮ. ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು. ಬಟ್ಟೆ, ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಬ್ಬರಿಗೆ ಮಾತ್ರ ಹಚ್ಚಿದ ಮನೆಯಲ್ಲಿ ಕಜ್ಜಿ ಸುತ್ತುತ್ತಲೇ ಇರುತ್ತದೆ. ನುಸಿ ಸತ್ತ ಮೇಲೆಯೂ ಎರಡು ಮೂರು ವಾರ ತುರಿಕೆ ಉಳಿಯಬಹುದೆಂಬುದನ್ನು ರೋಗಿಗೆ ಮೊದಲೇ ತಿಳಿಸದಿದ್ದರೆ ಮದ್ದೇ ಸುಳ್ಳೆಂದು ಕೈಬಿಡುತ್ತಾರೆ.

ಹುಳುಕಡ್ಡಿಗೆ ಟರ್ಬಿನಾಫಿನ್, ಇಟ್ರಾಕೊನಜೋಲ್ ಮೊದಲಾದ ಶಿಲೀಂಧ್ರನಾಶಕಗಳಿವೆ. ಆದರೆ ಕಳೆದ ಕೆಲವು ವರ್ಷಗಳಿಂದ ಭಾರತದಲ್ಲಿ ಈ ರೋಗವು ಹಟಮಾರಿಯಾಗಿ ಪರಿಣಮಿಸಿದೆ. ಟರ್ಬಿನಾಫಿನ್‌ಗೆ ಹಲವೊಮ್ಮೆ ಬಗ್ಗದ ಶಿಲೀಂಧ್ರ ಪ್ರಭೇದವೊಂದನ್ನು ವಿಜ್ಞಾನಿಗಳು 2020ರಲ್ಲಿ ಗುರುತಿಸಿ, ಅದಕ್ಕೆ ನಮ್ಮ ದೇಶದ ಹೆಸರನ್ನೇ ಸೇರಿಸಿ 'ಟ್ರೈಕೊಫೈಟನ್ ಇಂಡೋಟೀನಿಯೆ' ಎಂದು ಕರೆದಿದ್ದಾರೆ. ರೋಗವು ಹೀಗೆ ಹಬ್ಬಿದುದಕ್ಕೆ ತಜ್ಞರು ಕೊಡುವ ಕಾರಣಗಳಲ್ಲಿ ಮುಖ್ಯವಾದುದು ಸ್ಟಿರಾಯ್ಡ್ ಬೆರೆತ ಮುಲಾಮುಗಳ ದುರ್ಬಳಕೆ. ಔಷಧದಂಗಡಿಯಲ್ಲಿ ಕೇಳಿ ತಂದು ಹಚ್ಚಿದ ಎರಡೇ ದಿನಕ್ಕೆ ತುರಿಕೆಯೂ ಕೆಂಪೂ ಇಳಿಯುತ್ತವೆ. ಆದರೆ ಸ್ಟಿರಾಯ್ಡು ಆ ಜಾಗದ ನಿರೋಧಕ ಶಕ್ತಿಯನ್ನು ಅಡಗಿಸುವುದರಿಂದ ಶಿಲೀಂಧ್ರವು ಒಳಗೊಳಗೇ ಹರಡುತ್ತದೆ. ಚರ್ಮ ತೆಳುವಾಗಿ ಬಿರುಕು ಬಿಡುತ್ತದೆ. ಉಂಗುರದ ಆಕಾರವೇ ಅಳಿಸಿಹೋಗಿ ತಜ್ಞರಿಗೂ ಗುರುತು ಸಿಗದಂತಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದ್ದು ಈ ಹಿನ್ನೆಲೆಯಲ್ಲಿಯೇ. ತಪ್ಪು ದಾರಿ ಎಂದರೆ ನಾಟಿಮದ್ದು ಮಾತ್ರವಲ್ಲ, ಪಟ್ಟಣದ ಅಂಗಡಿಯ ಟ್ಯೂಬೂ ಹೌದು ಎಂಬುದಕ್ಕೆ ಇದೊಂದು ಪಾಠ.

ತೊನ್ನು: ಹೆಸರೇ ಶಿಕ್ಷೆಯಾದಾಗ

ಸರ್ಪಸುತ್ತಿನಲ್ಲಿ ಹೆಸರು ಮೂರು ದಿನಗಳನ್ನು ಕಸಿದರೆ ತೊನ್ನಿನಲ್ಲಿ ಇಡೀ ಬಾಳನ್ನು ಕಸಿಯಬಲ್ಲದು. ತೊನ್ನು ಎಂಬುದು ಗ್ರಾಮೀಣ ಬೈಗುಳಗಳಲ್ಲಿಯೂ ಶಾಪಗಳಲ್ಲಿಯೂ ಸೇರಿಕೊಂಡ ಪದ. ಇದರ ಕ್ರೌರ್ಯಕ್ಕೆ ಕಾರಣ ಹೆಸರುಗಳ ಕಲಬೆರಕೆ. ಚರಕಸಂಹಿತೆಯು ಏಳು ಮಹಾಕುಷ್ಠ ಮತ್ತು ಹನ್ನೊಂದು ಕ್ಷುದ್ರಕುಷ್ಠಗಳನ್ನು ಹೇಳುತ್ತದೆ. ಆ ಹದಿನೆಂಟರಲ್ಲಿ ದದ್ದು, ಕಜ್ಜಿಗಳಂತಹ ಸಾಮಾನ್ಯ ರೋಗಗಳೂ ಸೇರಿವೆ. ಎಂದರೆ ಅಲ್ಲಿ ಕುಷ್ಠವೆಂಬುದು ಚರ್ಮರೋಗಗಳ ಸಾಮಾನ್ಯ ಹೆಸರು. ಕಾಲಕ್ರಮದಲ್ಲಿ ಆ ಪದವು ಅಂಗವೈಕಲ್ಯ ತರುವ ಒಂದೇ ರೋಗಕ್ಕೆ ಸೀಮಿತವಾಯಿತು. ಆದರೆ ಹಳೆಯ ವಿಸ್ತಾರದ ನೆನಪು ಹೋಗಲಿಲ್ಲ. ಬಿಳಿಯ ಕಲೆ ಕಂಡಲ್ಲೆಲ್ಲ ಕುಷ್ಠದ ಭಯ ಅಂಟಿಕೊಂಡಿತು. ಕೃಷ್ಣನ ಮಗ ಸಾಂಬನು ಶಾಪದಿಂದ ಕುಷ್ಠರೋಗಿಯಾಗಿ ಸೂರ್ಯಾರಾಧನೆಯಿಂದ ಗುಣಮುಖನಾದನೆಂಬ ಪುರಾಣಕಥೆಯು ರೋಗವನ್ನು ಶಾಪದೊಂದಿಗೆ ಇನ್ನಷ್ಟು ಬಿಗಿದು ಕಟ್ಟಿತು.

ವೈದ್ಯಶಾಸ್ತ್ರದಲ್ಲಿ ಇವೆರಡೂ ಸಂಬಂಧವೇ ಇಲ್ಲದ ರೋಗಗಳು. ತೊನ್ನಿನಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಾಶಪಡಿಸುತ್ತದೆ. ಅದು ಅಂಟುರೋಗವಲ್ಲ, ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಮದುವೆಯಾದರೆ ಹರಡುವುದಿಲ್ಲ. ಕಲೆಯ ಜಾಗದಲ್ಲಿ ಸ್ಪರ್ಶ ಎಂದಿನಂತಿರುತ್ತದೆ. ಕುಷ್ಠವು ಬ್ಯಾಕ್ಟೀರಿಯಾದಿಂದ ಬರುವ ರೋಗ. ಅದನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಕಂಡುಹಿಡಿದನು. ಅದರ ಮಚ್ಚೆ ಸಾಮಾನ್ಯವಾಗಿ ಪೂರ್ತಿ ಬಿಳಿಯಾಗಿರದೆ ಮಾಸಲಾಗಿಯೋ ಕೆಂಪಾಗಿಯೋ ಇರುತ್ತದೆ. ಅಲ್ಲಿ ಸ್ಪರ್ಶಜ್ಞಾನ ಕುಂದಿರುತ್ತದೆ. ಮಕ್ಕಳ ಮುಖದಲ್ಲಿ, ಎದೆಬೆನ್ನುಗಳಲ್ಲಿ ಮೂಡುವ ಚಿಬ್ಬಿನಂತಹ ಮಾಸಲು ಕಲೆಗಳು ಇವೆರಡಕ್ಕೂ ಸೇರಿದವಲ್ಲ. ಅನುಮಾನ ಬಂದಾಗ ಚರ್ಮತಜ್ಞರು ನೇರಳಾತೀತ ಬೆಳಕು ಬೀರುವ ವುಡ್ಸ್ ದೀಪದ ಕೆಳಗೆ ನೋಡುತ್ತಾರೆ. ತೊನ್ನಿನ ಕಲೆ ಅದರಲ್ಲಿ ಸುಣ್ಣದಂತೆ ಹೊಳೆಯುತ್ತದೆ.

ಕುಷ್ಠಕ್ಕೆ ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಬಹೌಷಧ ಚಿಕಿತ್ಸೆಯು ಆರು ಅಥವಾ ಹನ್ನೆರಡು ತಿಂಗಳಲ್ಲಿ ರೋಗವನ್ನು ಗುಣಪಡಿಸುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಮಟ್ಟವನ್ನು ಭಾರತವು 2005ರ ಕೊನೆಯಲ್ಲಿ ತಲುಪಿತಾದರೂ ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ. ಗುಣವಾಗುವ ಈ ರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಕಾನೂನು ಒಪ್ಪುತ್ತಿದ್ದದ್ದು 2019ರವರೆಗೆ. ಆ ವರ್ಷದ ವೈಯಕ್ತಿಕ ಕಾನೂನುಗಳ ತಿದ್ದುಪಡಿ ಕಾಯಿದೆಯು ಆ ಕಲಮನ್ನು ತೆಗೆದುಹಾಕಿತು. ಮದ್ದು ಬಂದ ಸುಮಾರು ನಾಲ್ಕು ದಶಕಗಳ ತರುವಾಯ ಹೆಸರಿನ ಕಳಂಕ ಕಾನೂನಿನಿಂದ ಅಳಿಯಿತು. ಮನಸ್ಸುಗಳಿಂದ ಅಳಿಯಬೇಕಾದುದು ಇನ್ನೂ ಇದೆ.

ತೊನ್ನಿನ ಚಿಕಿತ್ಸೆಯ ಇತಿಹಾಸದಲ್ಲಿ ನಮ್ಮ ಪರಂಪರೆಗೆ ಗೌರವದ ಸ್ಥಾನವಿದೆ. ಬಾವಂಚಿಯ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಮೈಯೊಡ್ಡುವ ಕ್ರಮವನ್ನು ಆಯುರ್ವೇದವೂ ನಾಟಿವೈದ್ಯರೂ ಬಲ್ಲರು. ಈಜಿಪ್ಟಿನಲ್ಲಿಯೂ ನೈಲ್ ನದಿಯ ಪ್ರದೇಶದ ಗಿಡವೊಂದನ್ನು ಹೀಗೆಯೇ ಬಳಸುತ್ತಿದ್ದರು. 1940ರ ದಶಕದಲ್ಲಿ ಕೈರೋದ ವೈದ್ಯ ಎಲ್ ಮೊಫ್ಟಿ ಆ ಗಿಡದ ಸತ್ವವನ್ನು ಪ್ರಯೋಗಿಸಿದುದರಿಂದ ಸೋರಲಿನ್ ಮತ್ತು ನೇರಳಾತೀತ ಕಿರಣಗಳ ಆಧುನಿಕ ಚಿಕಿತ್ಸೆ ಬೆಳೆಯಿತು. ಬಾವಂಚಿಯಲ್ಲಿರುವುದೂ ಸೋರಲಿನ್ ವಸ್ತುವೇ. ಆದರೆ ಬೀಜದಲ್ಲಿ ಸತ್ವವೆಷ್ಟು, ಬಿಸಿಲಿನ ತೀವ್ರತೆ ಎಷ್ಟು ಎಂಬುದಕ್ಕೆ ಅಳತೆಯಿಲ್ಲದ ಕಾರಣ ಸುಟ್ಟು ಬೊಕ್ಕೆಯೆದ್ದ ರೋಗಿಗಳೂ ಇದ್ದಾರೆ. ಇಂದು ತಜ್ಞರು ಸೋರಲಿನ್ನಿನ ಬದಲಿಗೆ ಹೆಚ್ಚಾಗಿ 311 ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಕಿರಣಗಳನ್ನು ವಾರಕ್ಕೆ ಎರಡು ಮೂರು ಬಾರಿ, ಹಲವು ತಿಂಗಳ ಕಾಲ, ಅಳೆದು ಕೊಡುತ್ತಾರೆ. ಸ್ಟಿರಾಯ್ಡ್ ಮತ್ತು ಟ್ಯಾಕ್ರೊಲಿಮಸ್ ಮುಲಾಮುಗಳಿವೆ. ರೂಕ್ಸೊಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆತಿದೆ. ಬಹುಕಾಲ ಹರಡದೆ ನಿಂತ ಕಲೆಗಳಿಗೆ ಚರ್ಮದ ಕಸಿಯೂ ಉಂಟು. ಮುಖದ ಕಲೆಗಳು ಚೆನ್ನಾಗಿ ಸ್ಪಂದಿಸುತ್ತವೆ. ಬೆರಳ ತುದಿ, ತುಟಿಗಳ ಕಲೆಗಳು ಅಷ್ಟಾಗಿ ಸ್ಪಂದಿಸುವುದಿಲ್ಲ. ಈ ಸತ್ಯವನ್ನು ರೋಗಿಗೆ ಹೇಳುವುದೂ ಚಿಕಿತ್ಸೆಯ ಭಾಗವೇ.

ಹರಕೆ, ನಾಟಿವೈದ್ಯ ಮತ್ತು ಆಸ್ಪತ್ರೆ

ಚರ್ಮರೋಗ ಮತ್ತು ಹರಕೆಗಳ ಸಂಬಂಧ ನಮ್ಮಲ್ಲಿ ಗಾಢವಾದುದು. ನರೂಲಿ ಉದುರಲೆಂದು ದೇವಾಲಯದ ಕಲ್ಯಾಣಿಗೆ ಉಪ್ಪನ್ನೋ ಬೆಲ್ಲವನ್ನೋ ಹಾಕುವುದು, ಅದು ಕರಗಿದಂತೆ ಇದೂ ಕರಗಲೆಂಬ ಆಶಯದ ಅನುಕರಣ ಮಾಂತ್ರಿಕತೆ. ನರೂಲಿಯು ವೈರಾಣುವಿನಿಂದ ಬರುವುದಾದರೂ ಮಕ್ಕಳಲ್ಲಿ ಬಹುಪಾಲು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಮಾಯವಾಗುತ್ತದೆ. ಹರಕೆ ಫಲಿಸಿದಂತೆ ತೋರುವುದರ ಗುಟ್ಟು ಇದು. ಹೋಗದವನ್ನು ತಜ್ಞರು ಸ್ಯಾಲಿಸಿಲಿಕ್ ಆಮ್ಲದಿಂದ, ದ್ರವ ಸಾರಜನಕದ ಶೈತ್ಯದಿಂದ ಅಥವಾ ವಿದ್ಯುತ್ತಿನಿಂದ ಸುಟ್ಟು ತೆಗೆಯುತ್ತಾರೆ. ಇಂತಹ ಹರಕೆಯಿಂದ ಯಾರಿಗೂ ಕೇಡಿಲ್ಲ. ಆದರೆ ಚರ್ಮರೋಗ ವಾಸಿಯಾಗುವುದೆಂದು ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನದಂತಹ ಆಚರಣೆಯು ಮನುಷ್ಯಘನತೆಯ ಪ್ರಶ್ನೆಯಾಯಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆ ನೀಡಿತು. 2017ರಲ್ಲಿ ರಾಜ್ಯದ ವಿಧಾನಮಂಡಲವು ಅಂಗೀಕರಿಸಿದ, 2020ರಲ್ಲಿ ಜಾರಿಗೆ ಬಂದ ಕಾಯಿದೆಯು ಅದನ್ನು ನಿಷೇಧಿಸಿತು. ಎಲ್ಲ ನಂಬಿಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಾಗನ ಭಯವು ಎಷ್ಟೋ ಬನಗಳನ್ನು ಕೊಡಲಿಯಿಂದ ಕಾಪಾಡಿದೆ. ಅದೇ ಭಯವು ರೋಗಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದಾಗ ಮಾತ್ರ ಅದನ್ನು ಪ್ರಶ್ನಿಸಬೇಕಾಗುತ್ತದೆ.

ಕ್ಷೇತ್ರಕಾರ್ಯದಲ್ಲಿ ನಾನು ಭೇಟಿಯಾದ, ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುತ್ತಿದ್ದ ವೃದ್ಧರೊಬ್ಬರ ಮಾತು ಇಲ್ಲಿ ಉಲ್ಲೇಖನೀಯ. "ಕಣ್ಣಿನ ಮೇಲೆ ಎದ್ದಿದ್ರೆ ನಾನು ಕೈ ಹಾಕಲ್ಲ ಸ್ವಾಮಿ, ದೊಡ್ಡಾಸ್ಪತ್ರೆಗೆ ಹೋಗಿ ಅಂತೀನಿ. ನಮ್ಮಪ್ಪನೂ ಹಾಕ್ತಿರಲಿಲ್ಲ" ಎಂದರು. ತಮ್ಮ ಮದ್ದಿನ ಮಿತಿಯನ್ನು ಅರಿತ ಈ ವಿವೇಕವು ತಲೆಮಾರುಗಳಿಂದ ಬಂದುದು. ಇನ್ನೊಂದೆಡೆ, ಪಟ್ಟಣವೊಂದರ ಆಸ್ಪತ್ರೆಯಲ್ಲಿ "ಸರ್ಪಸುತ್ತು ಆಗಿದೆ" ಎಂದ ರೈತಮಹಿಳೆಗೆ, "ಅಂಥ ರೋಗ ಯಾವುದೂ ಇಲ್ಲ, ಮೂಢನಂಬಿಕೆ ಬಿಡಿ" ಎಂಬ ಉತ್ತರ ಸಿಕ್ಕಿದ್ದನ್ನೂ ಕೇಳಿದ್ದೇನೆ. ಆಕೆ ಹೇಳಿದ್ದು ರೋಗದ ಸರಿಯಾದ ಹೆಸರನ್ನೇ. ಹೆಸರಿನೊಡನೆ ಅವಮಾನಿತಳಾಗಿ ಆಕೆ ಚೀಟಿಯನ್ನು ತೆಗೆದುಕೊಳ್ಳದೆ ಮರಳಿದಳು.

ಒಟ್ಟಾರೆಯಾಗಿ ಹೇಳುವುದಾದರೆ, ಸರ್ಪಸುತ್ತು ಎಂಬ ಹೆಸರನ್ನು ಬಿಡಿಸಬೇಕಾಗಿಲ್ಲ. ಸರ್ಪಶಾಪ ಎಂಬ ತೀರ್ಪನ್ನು ಮಾತ್ರ ಬಿಡಿಸಬೇಕಾಗಿದೆ. ಇದಕ್ಕಾಗಿ ಅಕಾಡೆಮಿಯಂತಹ ಸಂಸ್ಥೆಗಳು ಒಂದು ಉಪಯುಕ್ತ ಕೆಲಸವನ್ನು ಕೈಗೊಳ್ಳಬಹುದು. ಜಿಲ್ಲಾವಾರು ಚರ್ಮರೋಗಗಳ ಜನಪದ ಹೆಸರುಗಳನ್ನು ಸಂಗ್ರಹಿಸಿ, ಪ್ರತಿಯೊಂದರ ಎದುರಿಗೆ ಕಣ್ಣಿಗೆ ಕಾಣುವ ಲಕ್ಷಣ, ವೈದ್ಯಕೀಯ ಹೆಸರು, ಎಷ್ಟು ದಿನಗಳೊಳಗೆ ವೈದ್ಯರಿಗೆ ತೋರಿಸಬೇಕು, ಏನನ್ನು ಹಚ್ಚಬಾರದು, ಅದು ಅಂಟುವುದೋ ಇಲ್ಲವೋ ಎಂಬುದನ್ನು ಚರ್ಮತಜ್ಞರ ನೆರವಿನಿಂದ ನಮೂದಿಸಿದ ಕಿರುಕೋಶವೊಂದು ಸಿದ್ಧವಾಗಬೇಕು. ಅದು ಗ್ರಂಥಾಲಯದ ಕಪಾಟಿನಲ್ಲಿರುವಂತೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆಯೂ, ಆಶಾ ಕಾರ್ಯಕರ್ತೆಯ ಚೀಲದಲ್ಲಿಯೂ ಇರಬೇಕು. ನಾಟಿವೈದ್ಯರನ್ನೂ ಈ ಕೆಲಸದಲ್ಲಿ ಸೇರಿಸಿಕೊಳ್ಳಬೇಕು. ರೋಗಿ ಮೊದಲು ಹೋಗುವುದು ಅವರ ಬಾಗಿಲಿಗೇ. ಪಕ್ಕೆಯ ಮೇಲೆ ಗುಳ್ಳೆ ಎದ್ದ ಸಂಜೆ ಮನೆಯವರು ಹುತ್ತದ ಬಳಿ ಯಾರು ಹೋಗಿದ್ದರೆಂದು ಕೇಳುವುದಕ್ಕೆ ಬದಲಾಗಿ ಗುಳ್ಳೆ ಎದ್ದು ಎಷ್ಟು ಹೊತ್ತಾಯಿತೆಂದು ಕೇಳುವಂತಾದರೆ, ಜಾನಪದ ಅಧ್ಯಯನವು ತಾನು ಪಡೆದ ಊರಿಗೆ ಏನನ್ನಾದರೂ ಹಿಂದಿರುಗಿಸಿದಂತಾಗುತ್ತದೆ.